ಬೇರು ಸಮೇತ

ಸೆಪ್ಟೆಂಬರ್ ೨, ಮಂಗಳವಾರ

ಬೆಳಿಗ್ಗೆಯಿಂದ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತಿದೆ. ಇವರ ಮೇಲೆ ರೇಗಿ ಪ್ರಯೋಜನವಿಲ್ಲ. ಊರ ಗಣಪತಿ ದೇವಸ್ಥಾನದ ಪರಿಚಾರಿಕೆಯಲ್ಲಿ ಗಂಟೆ ಬಾರಿಸಿ ಬಾರಿಸಿ ಕಿವಿ ಅರ್ಧ ಹೋಗಿದೆ, ಉಳಿದರ್ಧ ಬೇಕಾದಾಗ ಮಾತ್ರ ಕೇಳುವುದು. ಮಗ ಶ್ರೀಶ ಔಷಧಿ ಕಂಪೆನಿಯ ಚೀಲ ಹೊತ್ತು ಮಂಗಳೂರಿನ ಡಾಕ್ಟರುಗಳ ಬಾಗಿಲು ಕಾಯುತ್ತಿರುತ್ತಾನೆ, ಭಾನುವಾರ ಮಾತ್ರ ಕೈಗೆ ಸಿಗುವವನು. ಉಳಿದದ್ದು ಸೊಸೆ ಯಾಮಿನಿ. ಅವಳ ಮನಸ್ಸಿಗೆ ನೋವಾಗಬಾರದು ಅಂತ ಕುಂದಾಪುರದ ಡಾಕ್ಟರಮ್ಮ ನಿನ್ನೆ ನನ್ನನ್ನೇ ನೋಡಿ ಹೇಳಿದ್ದಾರೆ. ಹಾಗಾಗಿ ಈ ಡೈರಿ.

ಯಾಮಿನಿಗೆ ಆರು ತಿಂಗಳು ತುಂಬಿದೆ. ಮಾಸು ಕೆಳಗಿದೆಯಂತೆ. ಎದ್ದು ಓಡಾಡಿದರೆ ರಕ್ತ ಹೋಗಬಹುದು, ಹೋದರೆ ಮಗು ಉಳಿಯುವುದು ಕಷ್ಟ. ಬಚ್ಚಲಿಗೆ ಹೋಗುವುದು ಬಿಟ್ಟರೆ ಹೆರಿಗೆಯವರೆಗೆ ಮಂಚ ಇಳಿಯುವ ಹಾಗಿಲ್ಲ. ಅವಳ ತಾಯಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ತಾವೇ ಕೋಲು ಹಿಡಿದು ನಡೆಯುತ್ತಿದ್ದಾರೆ, ತವರಿಗೆ ಕಳಿಸುವ ಮಾತೇ ಇಲ್ಲ. ಸರಿ, ನಾನಿದ್ದೇನೆ, ನನ್ನ ಕೈಕಾಲಿಗೇನೂ ಆಗಿಲ್ಲ.

ಆದರೆ ಒಂದು ಮಾತು ಬರೆದೇ ಬರೆಯುತ್ತೇನೆ. ಇದೆಲ್ಲ ಕೆಸರಿನ ಫಲ. ಈ ಹುಡುಗಿ ಡಾಕ್ಟರೇಟ್ ಮಾಡುತ್ತಿರುವುದು ಜೇಕಿನ ಮೇಲೆ. ಗದ್ದೆಯಲ್ಲಿ ಕಳೆ ಅಂತ ಕಿತ್ತು ಬಿಸಾಡುವ ಜೇಕು! ಕಳೆದ ವರ್ಷ ಮೊದಲನೆಯದು ಮೂರನೇ ತಿಂಗಳಿಗೇ ಹೋಯಿತಲ್ಲ, ಅದರ ಹಿಂದಿನ ವಾರವಷ್ಟೇ ಬಿಜೂರಿನ ಹಡಿಲು ಗದ್ದೆಯಲ್ಲಿ ಮೊಣಕಾಲು ಮುಳುಗುವಷ್ಟು ಇಳಿದು ಬಂದಿದ್ದಳು. ಬೆಳೆ ಇಲ್ಲದೆ ಪಾಳು ಬಿದ್ದ ಗದ್ದೆ, ಹಾವು ಉಂಟೋ ಚೇಳು ಉಂಟೋ ದೇವರಿಗೇ ಗೊತ್ತು. ಕೆಸರಿಗೆ ಇಳಿದದ್ದಕ್ಕೇ ಹೋದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತಾರೆ ಡಾಕ್ಟರಮ್ಮ. ಓದಿದವರು, ಹಾಗೇ ಹೇಳುತ್ತಾರೆ. ನಾನು ಯಾಮಿನಿಯ ಎದುರು ಬಾಯಿಬಿಟ್ಟು ಅಂದಿಲ್ಲ. ಮುಖದಲ್ಲಿ ಕಂಡಿದ್ದರೆ ನಾನೇನು ಮಾಡಲಿ.

ಸೆಪ್ಟೆಂಬರ್ ೫, ಶುಕ್ರವಾರ

ಮಧ್ಯಾಹ್ನ ದೇವಸ್ಥಾನದಿಂದ ಬಂದು ನೋಡುತ್ತೇನೆ, ಮಹಾರಾಯ್ತಿ ಚೀಲ ಹೆಗಲಿಗೆ ಹಾಕಿಕೊಂಡು ಚಾವಡಿಯ ಕಂಬ ಹಿಡಿದು ನಿಂತಿದ್ದಾಳೆ.

"ಎಲ್ಲಿಗ್ ಹೋಪ್ದ್?" ಅಂದೆ.

"ಬಿಜೂರಿಗೆ ಅತ್ತೆ. ರಿಕ್ಷಾ ಹೇಳಿದ್ದೆ. ಕೆಸ್ರಿಗೆ ಇಳಿತಿಲ್ಲೆ, ಗದ್ದೆ ಅಂಚಗೆ ನಿತ್ಕಂಡ್ ನಾಕ್ ಗಿಡ ತೆಗ್ದ್ ಬತ್ತೆ, ಅಷ್ಟೇ."

"ನಿನ್ನ ರಿಕ್ಷಾಕ್ಕೆ ಬೆಂಕಿ ಬೀಳ. ಮಲ್ಕೋ ಹೋಗ್!"

ಮಲಗಿದಳು. ಮಲಗಿ ಗೋಡೆ ಕಡೆ ತಿರುಗಿ ಅಳಲು ಶುರು ಮಾಡಿದಳು. ಜೇಕು ಕಾಯಿ ಕಚ್ಚಿ ಬಲಿಯುವುದು ಮಳೆ ಹಿಂದಾಗುವ ಈ ಎರಡು ತಿಂಗಳಲ್ಲೇ ಅಂತೆ. ಒಂದೇ ಥರ ಕಾಣುವ ಎರಡು ಜೇಕನ್ನು ಬೇರೆ ಬೇರೆ ಅಂತ ತೋರಿಸಬೇಕಾದರೆ ಆ ಕಾಯಿಯೇ ಸಾಕ್ಷಿಯಂತೆ. ಕಳೆದ ವರ್ಷ ಹೀಗೆ ತಪ್ಪಿತು, ಈ ವರ್ಷವೂ ತಪ್ಪಿದರೆ ಅವಳ ಗೈಡು ಇನ್ನು ಕಾಯುವುದಿಲ್ಲವಂತೆ. ಹೇಳುತ್ತಾ ಹೇಳುತ್ತಾ ಎದ್ದು ಕೂತುಕೊಳ್ಳಲು ನೋಡುತ್ತಾಳೆ. ಇವತ್ತು ತಡೆದೆ. ನಾಳೆ ನಾನು ನೈವೇದ್ಯಕ್ಕೆ ಅಕ್ಕಿ ತೊಳೆಯುವ ಹೊತ್ತಿಗೆ ಇವಳು ಬಸ್ಸು ಹತ್ತಿದರೆ ಹೊಟ್ಟೆಯಲ್ಲಿರುವುದರ ಗತಿ ಏನು?

"ಸಾಕ್ ಸಾಕ್, ಅಳ್ಬೇಡ. ನಾನ್ ಹೋತೆ," ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ಹುಲ್ಲು ಕೊಯ್ಯಲು ಎರಡು ಬಸ್ಸು ಬದಲಿಸಿ ಹೋಗುವ ಕಾಲ ನನಗೆ ಬಂತು. ಹೋಗುವ ಮೊದಲು ಯಾಮಿನಿಯ ಕೈಗೆ ದೇವರ ಕೋಣೆಯ ಸಣ್ಣ ಗಂಟೆ ಕೊಟ್ಟೆ. ಕೂಗಿದರೆ ಕೇಳದ ಇವರಿಗೆ ಗಂಟೆ ಮಾತ್ರ ಕೇಳುತ್ತದೆ.

ಬಿಜೂರಿನ ಆ ಹಡಿಲು ಗದ್ದೆಯ ಯಜಮಾನ ಗುಡ್ಡ, ನನ್ನದೇ ಪ್ರಾಯದವನು. ಸೀರೆ ಎತ್ತಿ ಕಟ್ಟಿಕೊಂಡು ಅಂಚಿನ ಮೇಲೆ ನಿಂತ ನನ್ನನ್ನು ನೋಡಿ ದೂರದಿಂದಲೇ ಕೂಗಿದ.

"ಹ್ವಾಯ್ ಅಮ್ಮ, ಇದನ್ನ್ ದನವೂ ತಿಂತಿಲ್ಲೆ. ನಿಮ್ಗೆ ಎಂತಕ್?"

"ನಮ್ಮನಿ ಸೊಸಿಗೆ ಬೇಕಂಬ್ರ್."

"ಬಸ್ರಿ ಬಯಕೆಯಾ?" ಅಂದ. ಅಂದು ತಾನೇ ಬಿದ್ದು ಬಿದ್ದು ನಕ್ಕ.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದೆ. ಹುಟ್ಟಿದಾಗಿನಿಂದ ಗಣಪತಿಗೆ ಗರಿಕೆ ಕೊಯ್ದ ಕೈ ಇದು. ಎಳೆಯ ತುದಿಯನ್ನು ಮಾತ್ರ ಚಿವುಟುವುದು, ಕೊಳಕು ಬುಡ, ಒಣಗಿದ ಎಸಳು ಎಲ್ಲ ತೆಗೆಯುವುದು, ಸರಿಯಾಗಿ ಜೋಡಿಸಿ ಇಪ್ಪತ್ತೊಂದರ ಕಟ್ಟು ಕಟ್ಟುವುದು. ಗದ್ದೆಯ ತೋಡಿನಲ್ಲೇ ತೊಳೆದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ತಂದೆ. ಮನೆಗೆ ಬಂದು ಎರಡು ಸಲ ತಲೆಗೆ ಸ್ನಾನ ಮಾಡಿ ಆಮೇಲೆ ಅವಳ ಮಂಚದ ಮೇಲಿಟ್ಟೆ.

ಬಾಳೆಲೆ ಬಿಡಿಸಿದಳು. ಆಮೇಲೆ ಹೆಗಲು ಅಲುಗಾಡಲು ಶುರುವಾಯಿತು. ಅಳುತ್ತಿದ್ದಾಳೆ ಅಂದುಕೊಂಡೆ. ಅಳುವುದೆಲ್ಲಿ, ನಗುತ್ತಿದ್ದಾಳೆ! ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ನನಗೆ ಜೀವವೇ ಹೋದ ಹಾಗಾಯಿತು.

"ಅತ್ತೆ, ಇದ್ ಗಣಪತಿಗೆ ಆತ್ತ್. ನಂಗೆ ಬೇರ್ ಬೇಕಿತ್ತ್. ಬೇರ್, ಬುಡ, ಒಣ್ಗಿದ್ ಕಾಯಿ, ನೀವ್ ಬಿಸಾಡಿದ್ ಎಲ್ಲ ಬೇಕಿತ್ತ್."

ಅಷ್ಟು ದೂರ ಹೋಗಿ, ಜಿಗಣೆ ಕಚ್ಚಿಸಿಕೊಂಡು, ತೊಳೆದು ಕಟ್ಟಿ ತಂದರೆ ಇದು! ಮೊದಲೇ ಹೇಳಲಿಕ್ಕೆ ಬಾಯಿಗೆ ಏನಾಗಿತ್ತು? ರೇಗಿ ಅಡಿಗೆ ಮನೆಗೆ ಬಂದೆ. ಆದರೆ ಈ ಮನೆಯಲ್ಲಿ ಅವಳು ನಕ್ಕದ್ದು ಕೇಳದೆ ಎಷ್ಟು ಕಾಲವಾಗಿತ್ತು. ರಾತ್ರಿ ಊಟಕ್ಕೆ ಒಂದು ಸೌಟು ಅನ್ನ ಹೆಚ್ಚಿಗೆ ಉಂಡಳು.

ಸೆಪ್ಟೆಂಬರ್ ೧೫, ಸೋಮವಾರ

ಬೇರು ಸಮೇತ ಹೇಗೆ ಕೀಳುವುದು ಅಂತ ಪಾಠವಾಯಿತು. ಎಳೆಯಬಾರದು, ಕೆಳಗಿನಿಂದ ಕೈ ಹಾಕಿ ಮಣ್ಣಿನ ಹೆಂಟೆಯನ್ನೇ ಎತ್ತಬೇಕು.

ಗುರುತು ಹಿಡಿಯುವುದೂ ಒಂದು ವಿದ್ಯೆಯೇ. ಜೇಕಿನ ದಂಟನ್ನು ಎರಡು ಬೆರಳ ನಡುವೆ ತಿರುಗಿಸಿದರೆ ಮೂರು ಏಣು ಸಿಗುತ್ತದೆ. ಹುಲ್ಲಿಗೆ ಗೆಣ್ಣು ಉಂಟು, ಜೇಕಿಗಿಲ್ಲ. ಯಾಮಿನಿಯ ಎರಡು ಜೇಕಿಗೆ ನಾನು ದಪ್ಪದ್ದು, ಸಪೂರದ್ದು ಅಂತ ಹೆಸರಿಟ್ಟಿದ್ದೇನೆ. ಅವಳ ಹೆಸರು ನನ್ನ ನಾಲಗೆಗೆ ಹತ್ತುವುದಿಲ್ಲ. ದಪ್ಪದ್ದರ ಏಣು ಬೆರಳಿಗೆ ಚುಚ್ಚುತ್ತದೆ, ತೆನೆ ಕಂದು. ಸಪೂರದ್ದು ಹೆಚ್ಚುಕಡಿಮೆ ದುಂಡಗೆ, ತೆನೆ ಬಿಳಚು. ದಪ್ಪದ್ದು ಎಲ್ಲ ಕಡೆ ಉಂಟು, ಪುಸ್ತಕದಲ್ಲೂ ಉಂಟು. ಸಪೂರದ್ದು ಬಿಜೂರಿನ ಗದ್ದೆಯಲ್ಲೂ ಬಾರ್ಕೂರಿನ ಒಂದು ಮದಗದ ಕೆರೆಯಲ್ಲೂ ಮಾತ್ರ ಇವಳು ಕಂಡದ್ದಂತೆ. ಅದು ಬೇರೆಯೇ ಜಾತಿ, ಯಾರೂ ಗುರುತಿಸಿಲ್ಲ ಅಂತ ಇವಳ ವಾದ. ಎರಡೂ ಒಂದೇ ಇರಬೇಕು ಅಂತ ಗೈಡಿನ ಸಂಶಯ. ಗೈಡಿಗೆ ಕಣ್ಣಿಲ್ಲ ಅಂತ ನನ್ನ ಅಭಿಪ್ರಾಯ. ನಾನೇ ಕತ್ತಲಲ್ಲಿ ಬೆರಳಾಡಿಸಿ ಹೇಳುತ್ತೇನೆ ಯಾವುದು ಯಾವುದು ಅಂತ.

ಒಣಗಿಸುವುದೇ ದೊಡ್ಡ ರಗಳೆ. ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಮಣೆ, ಮಣೆ ಮೇಲೆ ರುಬ್ಬುಗುಂಡು. ಈ ಥಂಡಿಗೆ ಮಾರನೇ ದಿನವೇ ಬೂಸು ಹಿಡಿಯಿತು. ಈಗ ಒಲೆ ಮೇಲಿನ ಅಟ್ಟದಲ್ಲಿ ಹಪ್ಪಳದ ಪಕ್ಕ ಹಾಕಿದ್ದೇನೆ, ಒಳ್ಳೆ ಗರಿಗರಿಯಾಗಿದೆ. "ಹಪ್ಪಳ ಕರಿವತ್ತಿಗೆ ಸಮ ಕಂಡ್ಕೋ, ಮಾರಾಯ್ತಿ" ಅಂದರು ಇವರು.

ಸೆಪ್ಟೆಂಬರ್ ೨೭, ಶನಿವಾರ

ಮಳೆ. ಕಾಯಿ ನೋಡುವ ಅವಳ ಭೂತಗನ್ನಡಿಗೆ ನನಗೂ ಅವಳಿಗೂ ಜಗಳ. ನಾನು ನೋಡುತ್ತಿದ್ದಾಗ ಕೇಳುತ್ತಾಳೆ, ಅವಳು ನೋಡುತ್ತಿದ್ದಾಗ ನನಗೆ ಬೇಕಾಗುತ್ತದೆ. ಇನ್ನೊಂದು ತರಲಿಕ್ಕೆ ಶ್ರೀಶನಿಗೆ ಹೇಳಿದ್ದೇನೆ.

ಅಕ್ಟೋಬರ್ ೬, ಸೋಮವಾರ

ಬಾರ್ಕೂರಿಗೆ ಹೋಗಿದ್ದೆ. ಮದಗದ ಹತ್ತಿರವೇ ನಾದಿನಿಯ ಮನೆ, ಇವರ ತಂಗಿ. ಊಟ ಅಲ್ಲೇ. ಬಡಿಸುತ್ತಾ ಬಡಿಸುತ್ತಾ ಶುರು ಮಾಡಿದಳು.

"ಅಲ್ಲ ಅತ್ತಿಗೆ, ಹೊಟ್ಟಿಯಗ್ ಮಗು ಇಪ್ಪತ್ತಿಗೂ ನಿಮ್ಮ್ ಸೊಸಿಗೆ ಹುಲ್ಲಿಂದೇ ಧ್ಯಾನವಾ? ಮೊದಲ್ನೇದನ್ನ್ ಹಾಂಗೇ ಕಳ್ಕಂಡದ್ದಲ್ದಾ?"

ನನಗೂ ಹಾಗೇ ಅನ್ನಿಸಿದ್ದುಂಟು, ಸುಳ್ಳು ಯಾಕೆ ಹೇಳಲಿ. ಆದರೆ ಮದಗದ ಆ ಬದಿಯಲ್ಲಿ ಮೂವರು ಹೆಂಗಸರು ಮೊಣಕಾಲುದ್ದ ನೀರಲ್ಲಿ ಮಳಿ ಚಿಪ್ಪು ಹೆಕ್ಕುತ್ತಿದ್ದರು, ಒಬ್ಬಳಿಗೆ ತಿಂಗಳು ತುಂಬಿದ ಹಾಗಿತ್ತು. ಅವಳ ಮೊದಲ ಎರಡು ಮಕ್ಕಳು ದಂಡೆ ಮೇಲೆ ಕುಣಿಯುತ್ತಿದ್ದವು. ಅದನ್ನು ನೋಡಿ ಬಂದಿದ್ದೆ, ನಾದಿನಿಗೆ ಹೇಳಲಿಲ್ಲ. ಸಾರು ಸಪ್ಪೆಯಾಗಿದೆ ಅಂತ ಮಾತ್ರ ಹೇಳಿದೆ.

ಸಪೂರದ್ದರ ಕಾಯಿ ಇನ್ನೂ ಹಸಿರು. ಮನೆಗೆ ಬಂದು ಯಾಮಿನಿಗೆ ಹೇಳಿದೆ. ತಲೆಗೆ ಎಣ್ಣೆ ಹಚ್ಚಿದೆ. ಮಗು ಒದೆಯುತ್ತಿದೆ, ಕೈ ಇಡಿ ಅಂದಳು. ಇಟ್ಟೆ.

ಅಕ್ಟೋಬರ್ ೨೨, ಬುಧವಾರ

ದೀಪಾವಳಿ. ಬಲೀಂದ್ರನಿಗೆ ಹೂ ಕೊಯ್ಯುವಾಗ ಒಂದೊಂದು ದಂಟನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದೇನೆ ಅಂತ ಇವರು ಹೇಳಿದ ಮೇಲೇ ಗೊತ್ತಾದದ್ದು. ಕೆಟ್ಟ ಚಟ ಹಿಡಿಯಿತು. ಗೋಪೂಜೆಗೆ ಬಂದ ನೆಂಟರನ್ನೆಲ್ಲ ಯಾಮಿನಿ ಮಲಗಿದಲ್ಲಿಂದಲೇ ಮಾತಾಡಿಸಿದಳು. ಎಂಟು ತುಂಬುತ್ತಾ ಬಂತು. ದೇವರೇ, ಇನ್ನೊಂದು ತಿಂಗಳು ಹೀಗೇ ದೂಡಿಸಪ್ಪಾ.

ಅಕ್ಟೋಬರ್ ೨೮, ಮಂಗಳವಾರ

ಇವತ್ತಿನದ್ದು ಬರೆಯಲು ಕೈ ಬರುತ್ತಿಲ್ಲ.

ಗುಡ್ಡ ನಿನ್ನೆ ಫೋನ್ ಮಾಡಿದ್ದ. ಈ ಸಲ ಗದ್ದೆ ಹಡಿಲು ಬಿಡುವುದಿಲ್ಲ, ಎರಡನೇ ಬೆಳೆಗೆ ನಾಡಿದ್ದು ಟಿಲ್ಲರ್ ಇಳಿಸುತ್ತೇನೆ, ಬೇಕಾದದ್ದು ಕಿತ್ತುಕೊಂಡು ಹೋಗಿ ಅಂದ. ಬೆಳಿಗ್ಗೆಯೇ ಹೋದೆ. ಸಪೂರದ್ದರ ಕಾಯಿ ಬಲಿತಿತ್ತು, ಮುಟ್ಟಿದರೆ ಉದುರುತ್ತಿತ್ತು. ಖುಷಿಯಲ್ಲಿ ಚೀಲ ತುಂಬಿದೆ. ಕಡೆಗೆ ಅಂಚಿನ ಬದಿಯಲ್ಲಿ, ನೀರೂ ಮಣ್ಣೂ ಸೇರುವಲ್ಲಿ, ಒಂದು ಒಳ್ಳೆ ಬುಡ ಕಂಡಿತು. ಕೈ ಹಾಕಿ ಎತ್ತಿದೆ. ಬೇರು ಅಡ್ಡಡ್ಡ ಹೋಗಿತ್ತು, ಬಿಡಲಿಲ್ಲ, ಅಂಚಿನ ಮೇಲಿನವರೆಗೂ ಬೆರಳಲ್ಲಿ ಕೆದಕಿ ಕೆದಕಿ ಇಡೀ ತೆಗೆದೆ.

ನೀರಲ್ಲಿದ್ದ ಕಡೆ ಸಪೂರದ್ದು. ಅಂಚಿನ ಮೇಲಿದ್ದ ಕಡೆ ದಪ್ಪದ್ದು. ನಡುವೆ ಒಂದೇ ಬೇರು.

ಎರಡು ಗಿಡದ ಬೇರು ಒಂದಕ್ಕೊಂದು ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಮನೆಗೆ ತಂದು ಬಚ್ಚಲಿನಲ್ಲಿ ದೊಡ್ಡ ಬೋಗುಣಿಗೆ ನೀರು ಹಾಕಿ, ನಾರು ಬಿಡಿಸುವ ಹಾಗೆ ಮೆಲ್ಲ ಮೆಲ್ಲ ಬಿಡಿಸಿದೆ. ಸಿಕ್ಕು ಅಲ್ಲ. ಒಂದೇ. ಎರಡು ಕಾಯಿ ತೆಗೆದು ಭೂತಗನ್ನಡಿ ಹಿಡಿದೆ. ಅದೂ ಒಂದೇ, ಸಿಪ್ಪೆಯ ಮೇಲೆ ಅದೇ ಸಣ್ಣ ಜಾಲರಿ, ಅದೇ ಮೂತಿ. ನೀರಲ್ಲಿ ನಿಂತದ್ದು ಸಪೂರ ಆಗಿದೆ, ಮಣ್ಣಲ್ಲಿ ನಿಂತದ್ದು ದಪ್ಪ ಆಗಿದೆ, ಅಷ್ಟೇ ಸಂಗತಿ.

ಹಾಗಾದರೆ ಯಾಮಿನಿ ಮೂರು ವರ್ಷ ಬರೆದದ್ದೆಲ್ಲ? ಬೋಗುಣಿ ಮೇಲೆ ಹಳೇ ಗೋಣಿ ಮುಚ್ಚಿದೆ. ಉಳಿದ ಚೀಲ ಮಾತ್ರ ಅವಳಿಗೆ ಕೊಟ್ಟೆ. "ಅತ್ತೆ, ನೀವ್ ಇಲ್ದೆ ಇದ್ದಿರೆ ನಾನ್ ಸತ್ತೇ ಹೋತಿದ್ದೆ" ಅಂದಳು. ಒಳಗೆ ಹಾಲು ಉಕ್ಕುತ್ತಿದೆ ಅಂತ ಹೇಳಿ ಬಂದೆ.

ಅಕ್ಟೋಬರ್ ೩೦, ಗುರುವಾರ

ಇವರಿಗೆ ಹೇಳಿದೆ. ಪೂರ್ತಿ ಕೇಳಿಸಿತು, ಆಶ್ಚರ್ಯ. "ಹೆರಿಗಿ ಆಪಲ್ಲಿವರಿಗೆ ಬಾಯಿ ಮುಚ್ಕಂಡಿರ್" ಅಂದರು. ಶ್ರೀಶ ಫೋನಿನಲ್ಲಿ ಕೂಗಾಡಿದ. "ಅಮ್ಮ, ಆ ಬೇರನ್ನ್ ಬಿಸಾಡ್. ಯಾಮಿನಿಗೆ ಈಗ ಎಂತಾರೂ ಆರೆ ನಿನ್ನೇ ಕೇಣ್ಕಾತ್ತ್."

ಸರಿ. ನನಗೂ ಅದೇ ಹೆದರಿಕೆ. ಮನಸ್ಸಿಗೆ ಪೆಟ್ಟಾಗಿ ಹೊಟ್ಟೆಗೆ ತಾಗಿದರೆ? ಬಿಸಾಡಲಿಕ್ಕೆ ಹೋದೆ. ಹಿತ್ತಲಿನವರೆಗೂ ಹೋದೆ. ಮತ್ತೆ ಬೋಗುಣಿಗೆ ಹೊಸ ನೀರು ಹಾಕಿ ಇಟ್ಟೆ.

ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿ ಯಾಮಿನಿ ಲ್ಯಾಪ್‌ಟಾಪ್ ಕುಟ್ಟುತ್ತಿದ್ದಾಳೆ. ಶನಿವಾರ ಗೈಡಿಗೆ ಲೇಖನ ಕಳಿಸುವುದು. ಅಲ್ಲಿಂದ ದೊಡ್ಡ ದೊಡ್ಡವರ ಹತ್ತಿರ ಹೋಗುತ್ತದೆಯಂತೆ. ಮುಖ ಅರಳಿದೆ. ಗುನುಗುತ್ತಾಳೆ ಬೇರೆ. ನನಗೆ ಅನ್ನ ಸೇರುತ್ತಿಲ್ಲ.

ನವೆಂಬರ್ ೧, ಶನಿವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಗಂಜಿ ಕೊಡುವಾಗ ಲೇಖನದ ಕೊನೆಯನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಎರಡೂ ಬೇರೆ ಬೇರೆ ಎಂಬುದು ಸ್ಪಷ್ಟ. ಗಿಡಗಳನ್ನು ಸಂಗ್ರಹಿಸಿದವರು ಶ್ರೀಮತಿ ಮನೋರಮಾ. ನನ್ನ ಹೆಸರು! ಆ ಬೇರು ಬಚ್ಚಲಿನಲ್ಲಿ ಇರುವಾಗ ನನ್ನ ಹೆಸರು ಹಾಕಿ ಇದನ್ನು ಲೋಕಕ್ಕೆಲ್ಲ ಕಳಿಸುವುದಾ? ನಾಳೆ ಯಾರೋ ಒಬ್ಬ ಗದ್ದೆಗೆ ಇಳಿದು ಅಂಚು ಕೆದಕಿದರೆ ಇವಳ ಮಾನ ಏನಾಗುತ್ತದೆ? ಅತ್ತೆಗೆ ಗೊತ್ತಿತ್ತು, ಹೇಳಲಿಲ್ಲ ಅಂತ ಆಮೇಲೆ ಗೊತ್ತಾದರೆ ಇವಳು ನನ್ನ ಮುಖ ಹೇಗೆ ನೋಡಿಯಾಳು?

ಬೋಗುಣಿ ಎತ್ತಿಕೊಂಡು ಬಂದು ಮಂಚದ ಪಕ್ಕ ಇಟ್ಟೆ.

"ಯಾಮಿನಿ, ಇದೊಂದ್ ಕಾಣ್. ಮಂಗ್ಳವಾರವೇ ತಂದದ್ದ್. ನಿಂಗೆ ಹೇಳ್ಲಿಲ್ಲೆ."

"ಎಂತಕ್ ಹೇಳ್ಲಿಲ್ಲೆ ಅತ್ತೆ?"

"ಹೆದ್ರಿಕಿ ಆಯ್ತ್ ಹೆಣ್ಣೆ."

ನೋಡಿದಳು. ಮೊದಲು ಬೆರಳಲ್ಲಿ, ಆಮೇಲೆ ಭೂತಗನ್ನಡಿಯಲ್ಲಿ. ಈ ತುದಿಯಿಂದ ಆ ತುದಿಯವರೆಗೆ ಬೇರಿನ ಮೇಲೆ ಉಗುರು ಎಳೆದಳು. ಒಂದು ಕಡೆ ಬ್ಲೇಡಿನಲ್ಲಿ ಸೀಳಿದಳು. ನಾನು ನಿಂತೇ ಇದ್ದೆ, ಕೂತುಕೊಳ್ಳಲು ಧೈರ್ಯ ಬರಲಿಲ್ಲ.

"ಒಂದೇ," ಅಂದಳು. "ಮೂರ್ ವರ್ಷ ಅತ್ತೆ. ಮೂರ್ ವರ್ಷದಗೆ ಒಂದ್ ಸಲವೂ ನಾನ್ ಅಂಚ್ ಕೆದ್ಕಲಿಲ್ಲೆ." ಗೋಡೆ ಕಡೆ ತಿರುಗಿದಳು. ಊಟ ಬೇಡ ಅಂದಳು. ಕಾಫಿ ಬೇಡ ಅಂದಳು.

ಸಂಜೆ ಅವಳ ಹೊಟ್ಟೆ ಕಲ್ಲಾದ ಹಾಗಾಯಿತು. ಮುಟ್ಟಿದೆ, ನಿಜವಾಗಿಯೂ ಕಲ್ಲು. ನಾನೇ ಕೊಂದೆ ಅಂದುಕೊಂಡೆ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ರಕ್ತ ಹೋಗಿದೆಯಾ ಅಂದರು, ಇಲ್ಲ ಅಂದೆ, ನೀರು ಕುಡಿಸಿ ಎಡಕ್ಕೆ ಮಲಗಿಸಿ, ಮತ್ತೆ ಆದರೆ ಕೂಡಲೇ ಬನ್ನಿ ಅಂದರು. ಪಕ್ಕದಲ್ಲಿ ಕೂತು ಕಾಲು ತಿಕ್ಕಿದೆ. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಮೆತ್ತಗಾಯಿತು. ಶ್ರೀಶ ಬಂದವನು ನನ್ನ ಜೊತೆ ಮಾತಾಡುತ್ತಿಲ್ಲ. ಮಾತಾಡದಿರಲಿ.

ನವೆಂಬರ್ ೩, ಸೋಮವಾರ

ನಿನ್ನೆ ಇಡೀ ದಿನ ಅವಳು ಹೂಂ, ಊಹೂಂ ಅಷ್ಟೇ. ಇವತ್ತು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಅತ್ತೆ, ಬಾರ್ಕೂರ್ ಮದಗದಗೂ ಹೀಂಗೇ ಇತ್ತಾ ಅಂದ್ ಕಾಣ್ಕಲೆ?"

"ಕಾಣ್ಕ್," ಅಂದೆ.

"ಅಲ್ಲೂ ಬೇರ್ ಒಂದೇ ಆರೆ, ಒಂದ್ ಜೇಕ್ ನೀರಗೆ ಹ್ಯಾಂಗೆ ವೇಷ ಬದಲ್ಸುತ್ತ್ ಅಂದ್ ಬರೀಲಕ್ಕ್. ಅದೂ ಯಾರೂ ಬರಿಲಿಲ್ಲೆ. ಗೈಡಿಗೆ ಹೇಳಿದೆ, ನಾನ್ ತಪ್ಪ್ ಅಂದ್. ಅವ್ರ್ ಬೈಲಿಲ್ಲೆ."

ಬೈದಿದ್ದರೆ ಆ ಗೈಡಿನ ನಂಬರು ನಾನೇ ತೆಗೆದುಕೊಳ್ಳುತ್ತಿದ್ದೆ. ಬಾಚಣಿಗೆ ಕೈಯಲ್ಲೇ ಹಿಡಿದುಕೊಂಡು ಅಡಿಗೆ ಮನೆಗೆ ಹೋಗಿ ಒಂದು ಕ್ಷಣ ಅತ್ತುಬಿಟ್ಟೆ. ಆಮೇಲೆ ಅವಳಿಗೆ ಇಷ್ಟ ಅಂತ ಪತ್ರೊಡೆಗೆ ಅಕ್ಕಿ ನೆನೆಹಾಕಿದೆ.

ನವೆಂಬರ್ ೯, ಭಾನುವಾರ, ಕುಂದಾಪುರ, ಆಸ್ಪತ್ರೆ

ಕೂತಲ್ಲೇ ನಿದ್ದೆ ಬರುತ್ತಿದೆ, ಆದರೂ ಬರೆಯುತ್ತೇನೆ.

ನಿನ್ನೆ ಬಾರ್ಕೂರಿನ ಮದಗದಲ್ಲಿ ಸೊಂಟದವರೆಗೆ ನೀರಲ್ಲಿದ್ದೆ. ಬೇರು ಸಿಕ್ಕಿತ್ತು, ಇಲ್ಲೂ ಒಂದೇ, ಇದೇ ಇದೇ ಅಂತ ಒಬ್ಬಳೇ ಗಟ್ಟಿಯಾಗಿ ಹೇಳುತ್ತಿದ್ದೆ. ದಂಡೆಯಲ್ಲಿ ನಾದಿನಿ ನನ್ನ ಫೋನ್ ಹಿಡಿದು ಕೂಗಿದಳು. ಇವರ ಧ್ವನಿ. "ರಕ್ತ ಹೋತಿತ್ತ್. ಆಂಬುಲೆನ್ಸ್ ಬಂತ್. ನೀ ಸೀದಾ ಕುಂದಾಪ್ರಕ್ಕೆ ಬಾ."

ಹೇಗೆ ಬಂದೆನೋ. ಒದ್ದೆ ಸೀರೆ, ಮೊಣಕಾಲವರೆಗೆ ಕೆಸರು, ಕೈಯಲ್ಲಿ ನೀರು ಸೋರುವ ಚೀಲ. ಬ್ರಹ್ಮಾವರದಲ್ಲಿ ಬಸ್ಸಿನ ಜನ ಸರಿದು ಜಾಗ ಬಿಟ್ಟರು. ನಾದಿನಿ ಪಕ್ಕದಲ್ಲಿ ಕೂತು ದೇವರ ಹೆಸರನ್ನೂ ಸೊಸೆಯ ತಪ್ಪನ್ನೂ ಒಟ್ಟೊಟ್ಟಿಗೆ ಹೇಳುತ್ತಿದ್ದಳು. ನನಗೆ ಒಂದೂ ಕಿವಿಗೆ ಹೋಗಲಿಲ್ಲ. ತಲೆಯಲ್ಲಿ ಒಂದೇ ಇದ್ದದ್ದು. ದೇವರೇ, ಆ ಹುಡುಗಿ ಮಂಚ ಇಳಿಯಲಿಲ್ಲ, ಒಂದು ದಿನವೂ ಇಳಿಯಲಿಲ್ಲ, ನೀನು ನೋಡಿದ್ದೀಯಲ್ಲ.

ನಾನು ಆಸ್ಪತ್ರೆ ಮುಟ್ಟುವಾಗ ಆಪರೇಷನ್ ಆಗಿತ್ತು. ಹೆಣ್ಣು ಮಗು. ತಿಂಗಳಿಗೆ ಮೊದಲೇ ಬಂದಿದೆ, ಸಣ್ಣದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಉಸಿರಾಟ ಚೆನ್ನಾಗಿದೆ ಅಂದರು ಡಾಕ್ಟರಮ್ಮ. ಇಷ್ಟು ದಿನ ಮಲಗಿದ್ದಕ್ಕೇ ಈ ತೂಕ ಬಂದದ್ದು ಅಂತಲೂ ಅಂದರು. ಶ್ರೀಶ ನನ್ನ ಭುಜ ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಅತ್ತ. ರಾತ್ರಿ ಮಗುವನ್ನು ಯಾರಿಗೂ ತೋರಿಸಲಿಲ್ಲ.

ಇವತ್ತು ಬೆಳಿಗ್ಗೆ ಯಾಮಿನಿಯನ್ನು ಕೋಣೆಗೆ ತಂದರು. ಮುಖ ಬಿಳಚಿಕೊಂಡಿತ್ತು. ನಾದಿನಿ ಮತ್ತೆ ಹಾಜರು. ಮೂಲೆಯಲ್ಲಿದ್ದ ನನ್ನ ಚೀಲದಿಂದ ನೆಲದ ಮೇಲೆ ಕೆಸರು ನೀರು ಹರಿದದ್ದು ಕಂಡಿತು ಅವಳಿಗೆ.

"ಇನ್ನೂ ಈ ಹುಲ್ಲ್ ಬಿಡ್ಲಿಲ್ಯಾ? ಕೆಸ್ರಗೆ ಕುಣ್ದ್ ಕುಣ್ದ್ ಮೊದಲ್ನೇದನ್ನ್ ಕಳ್ಕಂಡಾಯ್ತ್, ಇದೂ ಈಗ ಪೆಟ್ಟಿಗಿಯಗೆ ಇತ್ತ್..."

ನನಗೆ ಎಲ್ಲಿಂದ ಬಂತೋ ಆ ಸ್ವರ. "ಬಾಯಿ ಮುಚ್ಚ್! ಕೆಸ್ರಿಗೆ ಇಳ್ದದ್ದ್ ನಾನ್. ಯಾಮಿನಿ ಮಂಚ ಇಳಿಲಿಲ್ಲೆ. ಮೊದಲ್ನೇದ್ ಹೋದ್ದಕ್ಕೂ ಕೆಸ್ರಿಗೂ ಎಂತದೂ ಸಂಬಂಧ ಇಲ್ಲೆ. ಇನ್ನೊಂದ್ ಸಲ ಈ ಮಾತ್ ಆಡಿರೆ ನಮ್ಮನಿ ಮೆಟ್ಲ್ ಹತ್ತುದೇ ಬ್ಯಾಡ."

ನಾದಿನಿ ಸೆರಗು ಕೊಡವಿ ಎದ್ದು ಹೋದಳು. ಹೋಗಲಿ. ಎಲ್ಲಿಂದ ಕಲಿಯುತ್ತಾರೋ ಜನ ಇಂಥ ಮಾತು! ಮಗು ಕಳೆದುಕೊಂಡವಳಿಗೇ ತಪ್ಪು ಹೊರಿಸುವುದೆಂದರೆ ಎಂಥ ಮನಸ್ಸಿರಬೇಕು. ಹಾಗೆ ಯೋಚಿಸುವವರನ್ನು ಬಾಣಂತಿಯ ಹತ್ತಿರ ಬಿಡಲೇಬಾರದು.

ತಿರುಗಿ ನೋಡಿದರೆ ಯಾಮಿನಿ ಅಳುತ್ತಿದ್ದಳು. ಸ್ವರವಿಲ್ಲ, ಕಣ್ಣೀರು ಮಾತ್ರ ಕಿವಿಯವರೆಗೆ ಇಳಿಯುತ್ತಿತ್ತು. ಹೊಲಿಗೆ ನೋಯುತ್ತಿದೆಯಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದಳು. ಮತ್ತೆ ಯಾಕೆ ಅಳುವುದು, ಮಗು ಚೆನ್ನಾಗಿದೆಯಲ್ಲ ಅಂದೆ. ನನ್ನ ಕೈ ಹಿಡಿದುಕೊಂಡಳು, ಎರಡೂ ಕೈಯಲ್ಲಿ, ಗಟ್ಟಿಯಾಗಿ. ಯಾಕೋ ಏನೋ, ದಣಿವು ಇರಬೇಕು.

ಅಷ್ಟರಲ್ಲಿ ನರ್ಸ್ ದಿವ್ಯಾ ಬಾಗಿಲಿಗೆ ಬಂದು, "ಅಜ್ಜಿ, ಮಗು ಕಾಂಬುಕೆ ಬನ್ನಿ, ಈಗ ಬಿಡ್ತ್ರ್" ಅಂದಳು. ನಿನ್ನೆಯಿಂದ ಅದಕ್ಕೇ ಕಾದಿದ್ದೆ. ಯಾಮಿನಿ ಇನ್ನೂ ಕೈ ಬಿಟ್ಟಿರಲಿಲ್ಲ.

"ಒಂಚೂರ್ ಹೊತ್ತ್ ಬಿಟ್ಟ್ ಬತ್ತೆ," ಅಂದೆ ನರ್ಸಿಗೆ.